ಬೆಳಗಿನ ಮೊದಲ ಮೂರು ಸೆಕೆಂಡು

ಹೋದ ವರ್ಷ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನನ್ನ ಕಾರು ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೇ ಕೀಂಚ್ ಅಂತ ಕಿರುಚೋಕೆ ಶುರು ಮಾಡ್ತು. ಐದಾರು ಸೆಕೆಂಡು ಅಷ್ಟೇ, ಆಮೇಲೆ ತಾನಾಗೇ ನಿಂತೋಗ್ತಿತ್ತು. ನಿಂತ ಮೇಲೆ ಇಡೀ ದಿನ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡೋದು, ಸಂಜೆ ಆಫೀಸಿಂದ ಹೊರಡುವಾಗ ಸ್ಟಾರ್ಟ್ ಮಾಡಿದ್ರೂ ಸದ್ದಿಲ್ಲ, ಮಾರನೇ ದಿನ ಬೆಳಗ್ಗೆ ಏಳಕ್ಕೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಕೀ ತಿರುಗಿಸಿದ್ರೆ ಮತ್ತೆ ಅದೇ. ಸುತ್ತ ಕಾಂಕ್ರೀಟ್ ಗೋಡೆ ಇರೋದ್ರಿಂದ ಆ ಸದ್ದು ಎಲ್ಲಾ ಕಡೆಯಿಂದ ವಾಪಸ್ ಬಂದು ಕಿವಿಗೆ ಚುಚ್ಚೋದು.

ಕಾರು 2014ರ ಮಾಡೆಲ್ಲು, 1.2 ಲೀಟರ್ ಪೆಟ್ರೋಲ್ ಇಂಜಿನ್ನು, ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆಗ್ಲೇ 78 ಸಾವಿರ ಕಿಲೋಮೀಟರ್ ಓಡಿತ್ತು.

ಮನೆ ಹತ್ರದ ಗ್ಯಾರೇಜಿಗೆ ತಗೊಂಡೋದೆ. ಮಧ್ಯಾಹ್ನ ಹನ್ನೊಂದೂವರೆ, ಟ್ರಾಫಿಕ್ಕಲ್ಲಿ ಅರ್ಧ ಗಂಟೆ ಓಡಿ ಇಂಜಿನ್ನು ಬಿಸಿ ಆಗಿತ್ತು. ಅವ್ರು ಬಾನೆಟ್ ಎತ್ತಿ ಎರಡು ಸಲ ಸೆಲ್ಫ್ ಹೊಡೆದು ನೋಡಿ "ಏನೂ ಬರ್ತಿಲ್ವಲ್ಲ ಮೇಡಂ" ಅಂದ್ರು. ನಾನು ಬಾಯಲ್ಲಿ ಕೀಂಚ್ ಅಂತ ಮಾಡಿ ತೋರಿಸ್ದೆ. "ಹಾಗಾದ್ರೆ ಫ್ಯಾನ್ ಬೆಲ್ಟ್ ಇರ್ಬೇಕು" ಅಂತ ಹೊಸ ಬೆಲ್ಟ್ ಹಾಕಿಕೊಟ್ರು. ಹಳೇ ಬೆಲ್ಟ್ ನೋಡಿದ್ರೆ ಒಳಮೈ ಕನ್ನಡಿ ಹಾಗೆ ಹೊಳೀತಿತ್ತು, ಹಾಗಾಗಿ ಅದನ್ನ ಬದಲಾಯಿಸಿದ್ದು ತಪ್ಪೇನಲ್ಲ. ಎರಡು ವಾರ ಸುಮ್ಮನಿತ್ತು, ಮೂರನೇ ವಾರ ಮತ್ತೆ ಶುರು. ಇನ್ನೊಂದು ಕಡೆ ತೋರಿಸ್ದೆ. ಅಲ್ಲಿ ಒಬ್ರು ಬಂದು ಕಾರಿಗೆ ಕಿವಿನೂ ಕೊಡ್ದೆ, ನಾನು ಹೇಳಿದ್ದನ್ನ ಕೇಳಿಸ್ಕೊಂಡೇ, "ಸ್ಟಾರ್ಟಿಂಗಲ್ಲಿ ಸೌಂಡ್ ಅಂದ್ರೆ ಟೈಮಿಂಗ್ ಚೈನ್ ಮೇಡಂ, ಇಂಜಿನ್ ಇಳಿಸ್ಬೇಕು, ಒಂದು 40 ಸಾವಿರ ಇಟ್ಕೊಳ್ಳಿ" ಅಂದುಬಿಟ್ರು.

ಇಂಜಿನ್ ಇಳಿಸ್ಬೇಕು ಅನ್ನೋ ಮಾತು ಹಳೇ ಕಾರು ಇಟ್ಕೊಂಡಿರೋರಿಗೆ ಹೇಗೆ ಕೇಳ್ಸುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ. ಆ ವಾರದ ಕೊನೆಗೆ ಊರಿಗೆ ಹೋಗೋದಿತ್ತು, ಹೋಗಿ ಬಂದು ನಿರ್ಧಾರ ಮಾಡೋಣ ಅಂದ್ಕೊಂಡು ತೀರ್ಥಹಳ್ಳಿಗೆ ಹೊರಟೆ.

ನಮ್ಮ ಅಪ್ಪಯ್ಯ 31 ವರ್ಷ ಪ್ರೈವೇಟ್ ಬಸ್ ಓಡಿಸಿದೋರು. ಅದ್ರಲ್ಲಿ ಹೆಚ್ಚಿನ ವರ್ಷ ಆಗುಂಬೆ ಘಾಟಿ ಇಳಿದು ಹತ್ತೋ ರೂಟು, ಆ 14 ಹೇರ್‌ಪಿನ್ ತಿರುವು ಅವ್ರಿಗೆ ನಮ್ಮನೆ ಅಂಗಳದ ಮೆಟ್ಟಿಲಷ್ಟೇ ಗೊತ್ತು. ಹಳೇ ಬಸ್ಸಲ್ಲಿ ಇಂಜಿನ್ನು ಡ್ರೈವರ್ ಪಕ್ಕದಲ್ಲೇ ಇರ್ತಿತ್ತಲ್ಲ, ರಶ್ ಇದ್ದಾಗ ಹೆಂಗಸರು ಮಕ್ಕಳು ಬಾನೆಟ್ ಮೇಲೆ ಕೂರ್ತಿದ್ರಲ್ಲ, ಆ ಇಂಜಿನ್ನಿನ ಜೊತೆ ದಿನಕ್ಕೆ ಹತ್ತು ಗಂಟೆ ಕೂತೋರು. ಮಳೆಗಾಲದಲ್ಲಿ ಬೆಳಗ್ಗೆ ಫಸ್ಟ್ ಟ್ರಿಪ್ಪಿಗೆ ಡೀಸೆಲ್ ಇಂಜಿನ್ನು ತಣ್ಣಗಿದ್ದಾಗ ಎಷ್ಟು ಗಡಸಾಗಿ ಬಡ್ಕೊಳುತ್ತೆ ಅಂತ ಅವ್ರು ಹೇಳ್ತಿದ್ದಿದ್ದು ನೆನಪಿದೆ. ಅದಕ್ಕೆ ಕಾರಣ ನಾನು ಆಮೇಲೆ ಓದಿ ತಿಳ್ಕೊಂಡೆ. ತಣ್ಣಗಿನ ಸಿಲಿಂಡರಲ್ಲಿ ಡೀಸೆಲ್ ಚಿಮ್ಮಿದ ತಕ್ಷಣ ಹತ್ಕೊಳಲ್ಲ, ಒಂದು ಚೂರು ತಡ ಆಗುತ್ತೆ, ಅಷ್ಟ್ರಲ್ಲಿ ಜಮಾ ಆಗಿರೋ ಡೀಸೆಲ್ಲೆಲ್ಲಾ ಒಟ್ಟಿಗೇ ಹತ್ಕೊಂಡು ಆ ಏಟು ಕೇಳುತ್ತೆ, ಬಿಸಿ ಆದ ಹಾಗೆ ತಡ ಕಮ್ಮಿ ಆಗಿ ಸದ್ದೂ ಮೆತ್ತಗಾಗುತ್ತೆ.

ಶುಕ್ರವಾರ ರಾತ್ರಿ ಊಟ ಮಾಡ್ತಾ ವಿಷಯ ಹೇಳ್ದೆ. ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ.

"ರಾತ್ರಿಯಿಡೀ ನಿಲ್ಸಿದ ಮೇಲೆ ಯಾರಾದ್ರೂ ಕೇಳಿದಾರಾ ಅದ್ನ?"

ಯಾರೂ ಕೇಳಿರ್ಲಿಲ್ಲ. ಎರಡು ಗ್ಯಾರೇಜು, ಒಂದು ಹೊಸ ಬೆಲ್ಟು, ಒಂದು 40 ಸಾವಿರದ ಎಸ್ಟಿಮೇಟು, ಆದ್ರೆ ಆ ಮೊದಲ ಕೆಲವು ಸೆಕೆಂಡು ನನ್ನ ಬಿಟ್ಟು ಇನ್ಯಾರ ಕಿವಿಗೂ ಬಿದ್ದಿರ್ಲಿಲ್ಲ. "ಹಾಗಾದ್ರೆ ನಾಳೆ ಬೆಳಿಗ್ಗೆ ನಾನು ಏಳೋ ತನಕ ಕೀ ಮುಟ್ಬೇಡ" ಅಂದ್ರು.

ಬೆಳಗ್ಗೆ ಆರೂವರೆ, ಮಳೆ ಹೊಳವಾಗಿತ್ತು, ಹಂಚಿಂದ ನೀರು ತೊಟ್ಟಿಕ್ತಿತ್ತು. ಕಾರನ್ನ ರಾತ್ರಿನೇ ಶೆಡ್ಡಿಂದ ಹೊರಗೆ ಅಂಗಳದಲ್ಲೇ ಬಿಡಿಸಿದ್ರು. ಮುಚ್ಚಿದ ಶೆಡ್ಡಲ್ಲಿ ಇಂಜಿನ್ ಆನ್ ಮಾಡಿಟ್ಟು ಬಗ್ಗಿ ನೋಡ್ತಾ ನಿಲ್ಲೋದು ಅಪಾಯ, ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ. ಅಪ್ಪಯ್ಯ ಬಾನೆಟ್ ಎತ್ತಿ ಒಂದು ಕೈ ಅಂಗೈ ಬಿಚ್ಚಿ ಬಾಡಿ ಮೇಲಿಟ್ಟು "ಹೊಡಿ" ಅಂದ್ರು. ನಾನು ಸೆಲ್ಫ್ ಹೊಡೆದೆ. ಕೀಂಚ್ ಅಂತು, ಪಕ್ಕದ ಮನೆ ನಾಯಿ ಎದ್ದು ಬೊಗಳ್ತು, ಆರು ಸೆಕೆಂಡಿಗೆ ನಿಂತ್ತು.

"ಕೇಳ್ತಾ ಅಪ್ಪಯ್ಯ?"

"ಹ್ಞೂಂ ಕಣೆ. ಗಡಗಡಗಡ ಅಂತ ಮೂರು ಸೆಕೆಂಡು."

"ಗಡಗಡ ಅಲ್ಲ, ಕೀಂಚ್ ಅಂತ ಅಲ್ದಾ?"

"ಎಂತ ಕೀಂಚ್? ನಂಗೆ ಗಡಗಡ ಒಂದೇ ಕೇಳಿದ್ದು."

ನನಗೆ ಗಡಗಡ ಕೇಳಿರ್ಲೇ ಇಲ್ಲ. ಅವ್ರಿಗೆ ಕೀಂಚ್ ಕೇಳಿರ್ಲೇ ಇಲ್ಲ. ಇಬ್ರೂ ಒಂದೇ ಕಾರಿನ ಪಕ್ಕ, ನಾಲ್ಕಡಿ ಅಂತರದಲ್ಲಿ ಇದ್ವಿ. ಅಮ್ಮ ಜಗಲಿ ಮೇಲೆ ನಿಂತು "ಎರಡೂ ಬಂತು, ನಂಗೆ ಇಲ್ಲಿಗೇ ಕೇಳ್ತು" ಅಂದ್ಲು.

ಒಂದು ಸದ್ದು ಅಂತ ಒಂದು ತಿಂಗಳಿಂದ ನಾನು ಹುಡುಕ್ತಿದ್ದಿದ್ದು ಎರಡು ಸದ್ದು. ಕೀಂಚ್ ಅನ್ನೋದು ಕಿವಿಗೆ ಎಷ್ಟು ಚುಚ್ತಿತ್ತು ಅಂದ್ರೆ ನನ್ನ ಗಮನವೆಲ್ಲಾ ಅದ್ರ ಮೇಲೇ ಇತ್ತು, ಅದ್ರ ಕೆಳಗೆ ಇನ್ನೊಂದು ಇದೆ ಅಂತ ಅನುಮಾನನೂ ಬಂದಿರ್ಲಿಲ್ಲ. ಗ್ಯಾರೇಜುಗಳಿಗೂ ನಾನು ಹೇಳಿದ್ದು ಆ ಒಂದನ್ನೇ, ಅದೂ ಬಾಯಲ್ಲಿ.

ಭಾನುವಾರ ಬೆಳಗ್ಗೆ ಮತ್ತೆ ಮಾಡಿದ್ವಿ, ಈ ಸಲ ಫೋನಲ್ಲಿ ವಿಡಿಯೋ ಹಿಡಿದು. ಒಂದು ಫೋನನ್ನ ಅಮ್ಮನ ಕೈಗೆ ಕೊಟ್ಟು ಬಾನೆಟ್ಟಿಂದ ಒಂದು ಮಾರು ದೂರ ನಿಲ್ಸಿದ್ವಿ, ಜೊತೆಗೆ ನನ್ನ ಫೋನನ್ನ ಡ್ಯಾಶ್‌ಬೋರ್ಡ್ ಮೀಟರ್ ಕಡೆ ತಿರುಗಿಸಿಟ್ಟೆ. ಇದನ್ನ ಯಾರಾದ್ರೂ ಓದ್ತಾ ಇದ್ದು ನಿಮ್ಮ ಕಾರಲ್ಲೂ ಇಂಥದ್ದೇ ಬೆಳಗಿನ ಸದ್ದಿದ್ರೆ ದಯವಿಟ್ಟು ಎಲ್ಲಕ್ಕಿಂತ ಮೊದ್ಲು ಇದನ್ನ ಮಾಡಿ, ಒಂದು ರೂಪಾಯಿ ಖರ್ಚಿಲ್ಲ. ಆಮೇಲೆ ಹೆಡ್‌ಫೋನ್ ಹಾಕ್ಕೊಂಡು ವಿಡಿಯೋನ ಅರ್ಧ ಸ್ಪೀಡಿಗೆ ಇಟ್ಟು ಕೇಳಿದೆ. ಗಡಗಡ ಅನ್ನೋದು ಇಂಜಿನ್ ಹತ್ಕೊಂಡ ಕ್ಷಣದಿಂದಲೇ ಶುರು ಆಗ್ತಿತ್ತು, ಮೂರು ಸೆಕೆಂಡಿಗೆ ಮಾಯ, ಮತ್ತೆ ಮೀಟರಲ್ಲಿ ಆಯಿಲ್ ದೀಪ ಆರೋದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಕೀಂಚ್ ಅನ್ನೋದು ಒಂದು ಸೆಕೆಂಡ್ ತಡವಾಗಿ ಶುರುವಾಗಿ ಆರೇಳು ಸೆಕೆಂಡ್ ತನಕ ಎಳೀತಿತ್ತು.

ಸದ್ದು ಹೇಗಿದೆ ಅನ್ನೋದಕ್ಕಿಂತ ಯಾವಾಗ ಶುರುವಾಗಿ ಯಾವಾಗ ನಿಲ್ಲುತ್ತೆ ಅನ್ನೋದೇ ಹೆಚ್ಚು ಹೇಳುತ್ತೆ ಅಂತ ನನಗೆ ಅವತ್ತು ಅನ್ನಿಸ್ತು, ಈಗ್ಲೂ ಹಾಗೇ ಅನ್ನಿಸುತ್ತೆ. ಕೀ ತಿರುಗಿಸಿದ್ರೆ ಟಕ್ ಅಂತ ಒಂದೇ ಸದ್ದು ಬಂದು ಇಂಜಿನ್ ತಿರುಗದೇ ಇದ್ರೆ, ಅಥವಾ ಟಕಟಕಟಕ ಅಂತ ಮೆಷಿನ್ ಗನ್ ಹಾಗೆ ಬಡಿದ್ರೆ, ಅದು ಹೆಚ್ಚಾಗಿ ಬ್ಯಾಟರಿ ಇಲ್ಲಾ ಟರ್ಮಿನಲ್ಲು, ಒಂದೇ ಟಕ್ ಆದ್ರೆ ಸೆಲ್ಫ್ ಮೋಟಾರೂ ಇರ್ಬಹುದು. ಸೆಲ್ಫ್ ಮೋಟಾರು ಝುಂಯ್ ಅಂತ ಬರೀ ತಾನೊಂದೇ ತಿರುಗಿ ಇಂಜಿನ್ ತಿರುಗ್ಲಿಲ್ಲ ಅಂದ್ರೆ ಅದ್ರ ಪುಟ್ಟ ಹಲ್ಲಿನ ಚಕ್ರ ಫ್ಲೈವೀಲಿನ ರಿಂಗಿಗೆ ಕಚ್ಕೊಳ್ತಿಲ್ಲ ಅಂತ. ಕರ್ರ್ ಅಂತ ಕಬ್ಬಿಣ ಉಜ್ಜೋ ಸದ್ದು ಬಂದ್ರೆ ಅರೆಬರೆ ಕಚ್ಕೊಂಡು ಹಲ್ಲು ತಿಂತಿದೆ, ಅದನ್ನ ಮುಂದೂಡಬಾರದು, ರಿಂಗ್ ಹೋದ್ರೆ ಗೇರ್‌ಬಾಕ್ಸ್ ಬಿಚ್ಬೇಕಾಗುತ್ತೆ. ಸ್ಟಾರ್ಟ್ ಆದ ಮೇಲೆ ಟಿಕ್ ಟಿಕ್ ಟಿಕ್ ಅಂತ ಬಂದು ಇಂಜಿನ್ ಬಿಸಿ ಆಗ್ತಾ ಆಗ್ತಾ ಐದಾರು ನಿಮಿಷಕ್ಕೆ ಸಣ್ಣದಾದ್ರೆ ವಾಲ್ವ್ ತಳ್ಳೋ ಟ್ಯಾಪೆಟ್ ಇರ್ಬಹುದು, ಹೊಗೆ ಹೊರಗೆ ಹೋಗೋ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಲ್ಲಿ ಕೂದಲೆಳೆಯಷ್ಟು ಸಂದಿನೂ ಇರ್ಬಹುದು, ಲೋಹ ಬಿಸಿಗೆ ಹಿಗ್ಗಿ ಸಂದಿ ಮುಚ್ಕೊಳ್ಳುತ್ತೆ. ಆದ್ರೆ ಆಳದಿಂದ ಡಬ್ ಡಬ್ ಅಂತ, ಬಿಸಿ ಆದ ಮೇಲೂ ನಿಲ್ಲದೆ, ರೇಸ್ ಮಾಡಿದಷ್ಟೂ ಜೋರಾಗೋ ಸದ್ದು ಬಂದ್ರೆ ಅದು ಪಿಸ್ಟನ್ನನ್ನ ಕೆಳಗಿನ ಕ್ರ್ಯಾಂಕ್ ದಂಡಕ್ಕೆ ಸೇರಿಸೋ ಕನೆಕ್ಟಿಂಗ್ ರಾಡಿನ ಬೇರಿಂಗ್ ಇರೋ ಸಾಧ್ಯತೆ ಇದೆ, ಅಲ್ಲಿಗೇ ಕೀ ಆಫ್ ಮಾಡಿ ಟೋ ಮಾಡಿಸ್ಬೇಕು, ಗ್ಯಾರೇಜಿನ ತನಕ ಓಡಿಸ್ಕೊಂಡೂ ಹೋಗ್ಬಾರ್ದು. ಇನ್ನು ಕೆಲವು ಸದ್ದು ಕಾಯಿಲೆನೇ ಅಲ್ಲ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ ಸಣ್ಣಗೆ ಗುಂಯ್ ಅನ್ನೋದು ಪೆಟ್ರೋಲ್ ಪಂಪು, ತಣ್ಣಗಿನ ಇಂಜಿನ್ನು ಮೊದಲ ಒಂದು ನಿಮಿಷ 1200, 1500 ಆರ್‌ಪಿಎಂ ತನಕ ಏರಿ ಜೋರಾಗಿ ಇರೋದೂ ಸಹಜವೇ.

ಕೀಂಚ್‌ನಿಂದ ಶುರು ಮಾಡಿದ್ವಿ, ಯಾಕಂದ್ರೆ ಅದನ್ನ ಮನೇಲೇ ಪರೀಕ್ಷೆ ಮಾಡೋ ದಾರಿ ಅಪ್ಪಯ್ಯನಿಗೆ ಗೊತ್ತಿತ್ತು. ಅಮ್ಮ ಆಂಥೂರಿಯಂ ಗಿಡಕ್ಕೆ ನೀರು ಚಿಮುಕಿಸೋ ಸ್ಪ್ರೇ ಬಾಟ್ಲಿ ತಂದ್ರು. ಇಂಜಿನ್ ಓಡ್ತಿರುವಾಗ ಬೆಲ್ಟಿನ ಹಲ್ಲಿರೋ ಕಡೆಗೆ ದೂರದಿಂದ ಸ್ವಲ್ಪ ನೀರು ಹೊಡೀಬೇಕು. ನೀರು ಬಿದ್ದ ತಕ್ಷಣ ಸದ್ದು ನಿಂತು ಸ್ವಲ್ಪ ಹೊತ್ತಿಗೆ ವಾಪಸ್ ಬಂದ್ರೆ ಬೆಲ್ಟ್ ಸುತ್ತೋ ಚಕ್ರಗಳು, ಅಂದ್ರೆ ಪುಲ್ಲಿಗಳು, ಒಂದೇ ಗೆರೆಲಿಲ್ಲ ಅಂತ, ನೀರು ಬಿದ್ದಾಗ ಸದ್ದು ಇನ್ನೂ ಜೋರಾದ್ರೆ ಬೆಲ್ಟ್ ಲೂಸು ಅಂತ. ನಾನು ಬಾಟ್ಲಿ ಹಿಡಿದು ಬಗ್ಗಿದ್ನೋ ಇಲ್ವೋ ಅಮ್ಮ "ವೇಲ್ ತೆಗ್ದಿಡೇ ಮೊದ್ಲು, ಕೂದ್ಲು ಕಟ್ಕೊ" ಅಂತ ಕೂಗಿದ್ಲು, ಅವ್ಳು ಕೂಗಿದ್ದೇ ಸರಿ, ತಿರುಗೋ ಬೆಲ್ಟಿಗೆ ವೇಲ್ ತುದಿ ಸಿಕ್ರೂ ಸಾಕು. ಎಲ್ಲಾ ಕಟ್ಕೊಂಡು ಹೊಡೆದೆ. ಕೀಂಚ್ ಅನ್ನೋದು ಕಿವಿ ಹರಿಯೋ ಹಾಗೆ ಏರ್ತು. ನಾನು ಹಿಂದಕ್ಕೆ ಸರಿದು ಅಪ್ಪಯ್ಯನ ಮುಖ ನೋಡಿದೆ. ಅವ್ರು ನನ್ನ ಮುಖ ನೋಡ್ತಿದ್ರು.

"ಜೋರಾಯ್ತಾ?" ಅಂದ್ರು.

ಅಷ್ಟು ದೊಡ್ಡ ಸದ್ದು. ನಾಯಿ ಮತ್ತೆ ಬೊಗಳ್ತಿತ್ತು.

ಆ ಕ್ಷಣ ನಾನೇನೂ ಹೇಳ್ಲಿಲ್ಲ, ಜೋರಾಯ್ತು ಅಂದೆ ಅಷ್ಟೇ. ಅವ್ರು ಬೆಲ್ಟನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿದ್ರು, ಇಂಜಿನ್ ಆಫ್ ಮಾಡಿದ ಮೇಲೆ. ತುಂಬಾನೇ ಬಗ್ತಿತ್ತು. ಹೊಸ ಬೆಲ್ಟು ಹಾಕಿದ ಮೇಲೆ ಸ್ವಲ್ಪ ದಿನ ಓಡಿ ಪುಲ್ಲಿಗೆ ಕೂತ್ಕೊಂಡಾಗ ಒಂಚೂರು ಸಡಿಲ ಆಗುತ್ತೆ, ಈ ಕಾರಲ್ಲಿ ತಾನಾಗೇ ಬಿಗಿ ಮಾಡೋ ಟೆನ್ಷನರ್ ಇಲ್ಲ, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ ಅದನ್ನ ಹಿಂದಕ್ಕೆಳೆದು ಮತ್ತೆ ಟೈಟ್ ಮಾಡ್ಬೇಕು. ಅದನ್ನ ಯಾರೂ ಮಾಡಿರ್ಲಿಲ್ಲ, ಮಾಡ್ಬೇಕು ಅಂತ ನನಗೂ ಗೊತ್ತಿರ್ಲಿಲ್ಲ.

ಆದ್ರೆ ಬೆಲ್ಟ್ ಲೂಸಿದ್ರೆ ದಿನವಿಡೀ ಕೂಗ್ಬೇಕಲ್ವಾ, ಬೆಳಗ್ಗೆ ಮಾತ್ರ ಯಾಕೆ? ಇಲ್ಲಿ ನನಗೆ ತುಂಬಾ ಇಷ್ಟ ಆದ ಕೊಂಡಿ ಇದೆ. ಸೆಲ್ಫ್ ಹೊಡೆಯುವಾಗ ಸಣ್ಣ ಕಾರಿನ ಸ್ಟಾರ್ಟರ್ರೂ ಬ್ಯಾಟರಿಯಿಂದ 100 ಆಂಪಿಯರಿಗೂ ಹೆಚ್ಚು ಎಳೆಯುತ್ತೆ. ಇಂಜಿನ್ ಹತ್ಕೊಂಡ ತಕ್ಷಣ ಆಲ್ಟರ್ನೇಟರು ಆ ಖರ್ಚನ್ನೆಲ್ಲಾ ತುಂಬಿಕೊಡೋಕೆ ಶುರು ಮಾಡುತ್ತೆ, ಆಗ ಅದನ್ನ ತಿರುಗಿಸೋದು ಭಾರ, ಆ ಭಾರ ಬೀಳೋದು ಬೆಲ್ಟಿನ ಮೇಲೆ, ಬೆಲ್ಟ್ ಲೂಸು, ಮೇಲಿಂದ ರಾತ್ರಿ ಮಳೆಯ ತೇವ, ಜಾರುತ್ತೆ, ಕಿರುಚುತ್ತೆ. ಸ್ವಲ್ಪ ಹೊತ್ತಿಗೆ ಭಾರ ಇಳಿಯುತ್ತೆ, ತೇವ ಆರುತ್ತೆ, ಸುಮ್ಮನಾಗುತ್ತೆ. ಮಲ್ಟಿಮೀಟರ್ ತಂದು ರಾತ್ರಿ ನಿಂತಿದ್ದ ಬ್ಯಾಟರಿ ನೋಡಿದ್ರೆ 12.2 ವೋಲ್ಟು. ತುಂಬಿದ ಬ್ಯಾಟರಿ 12.6ರ ಸುತ್ತ ಇರ್ಬೇಕು, 12.2 ಅಂದ್ರೆ ಹತ್ತತ್ರ ಅರ್ಧ. ಬ್ಯಾಟರಿಗೆ ಐದು ವರ್ಷ ಆಗಿತ್ತು, ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿತ್ತು. ಅಂದ್ರೆ ಬಳಲಿದ ಬ್ಯಾಟರಿ ಆಲ್ಟರ್ನೇಟರನ್ನ ದುಡಿಸ್ತಿತ್ತು, ಅದು ಬೆಲ್ಟನ್ನ ಜಾರಿಸ್ತಿತ್ತು, ನಾನು ಬೆಲ್ಟನ್ನ ಬೈತಿದ್ದೆ. ಪರೀಕ್ಷೆಗೆ ಅಂತ ಹೆಡ್‌ಲೈಟು, ಎಸಿ ಬ್ಲೋವರ್ರು, ಹಿಂದಿನ ಗಾಜಿನ ಡಿಫಾಗರ್ ಎಲ್ಲಾ ಒಟ್ಟಿಗೆ ಆನ್ ಮಾಡಿದಾಗ ನಿಂತಿದ್ದ ಕೀಂಚ್ ವಾಪಸ್ ಬಂತು. ಆಗ ಇನ್ನೇನೂ ಅನುಮಾನ ಉಳೀಲಿಲ್ಲ.

ಗಡಗಡದ ಕಥೆ ಬೇರೆ, ಮತ್ತು ಭಯ ಇದ್ದಿದ್ದೂ ಅದ್ರದ್ದೇ, ಯಾಕಂದ್ರೆ 40 ಸಾವಿರ ಹೇಳಿದೋರ ಮಾತು ಪೂರ್ತಿ ಗಾಳಿಲಿ ಗುಂಡು ಹೊಡೆದಿದ್ದಲ್ಲ ಅಂತ ಈಗ ಗೊತ್ತಾಗ್ತಿತ್ತು. ಅಪ್ಪಯ್ಯ ಉದ್ದದ ಸ್ಕ್ರೂ ಡ್ರೈವರ್ ತಗೊಂಡು ಅದ್ರ ತುದಿನ ಇಂಜಿನ್ನಿನ ಬೇರೆ ಬೇರೆ ಜಾಗಕ್ಕೆ ಒತ್ತಿ, ಹಿಡಿನ ಕಿವಿ ಹಿಂದಿನ ಮೂಳೆಗೆ ಆನಿಸಿ ಕೇಳಿದ್ರು, ಬೆಲ್ಟಿಂದ ಕೈ ದೂರ ಇಟ್ಕೊಂಡು. ಡಾಕ್ಟರ ಸ್ಟೆತಾಸ್ಕೋಪ್ ಹುಟ್ಟಿದ್ದೂ ಹೀಗೇ ಅಂತೆ, 1816ರಲ್ಲಿ ಪ್ಯಾರಿಸ್ಸಲ್ಲಿ ಲೆನೆಕ್ ಅನ್ನೋ ವೈದ್ಯ ಕಾಗದನ ಸುರುಳಿ ಸುತ್ತಿ ರೋಗಿಯ ಎದೆಗೆ ಇಟ್ಟು ಕೇಳಿದ್ದು. ಚೈನಿನ ಕವರ್ ಇರೋ ಕಡೆಗೇ ಸದ್ದು ಜಾಸ್ತಿ ಅಂದ್ರು. ಆದ್ರೆ ಸ್ಕ್ರೂ ಡ್ರೈವರಿಗೆ ಸಿಗೋದು ಬೆಳಗ್ಗೆ ಒಂದು ಸಲ, ಮೂರೇ ಸೆಕೆಂಡು. ಅದಕ್ಕೇ ಮೂರು ಬೆಳಗು ಬೇಕಾಯ್ತು, ನಾನು ಸೋಮವಾರ ರಜಾ ಹಾಕಿದೆ.

ಟೈಮಿಂಗ್ ಚೈನು ಕ್ರ್ಯಾಂಕಿನ ತಿರುಗಾಟನ ಮೇಲಿರೋ, ವಾಲ್ವ್ ತೆರೆದು ಮುಚ್ಚಿಸೋ ಕ್ಯಾಮಿಗೆ ಮುಟ್ಟಿಸುತ್ತೆ. ಆ ಚೈನನ್ನ ಬಿಗಿಯಾಗಿ ಹಿಡಿಯೋದು ಒಂದು ಪುಟ್ಟ ಟೆನ್ಷನರ್ರು, ಅದನ್ನ ಒತ್ತಿ ಹಿಡಿಯೋದು ಆಯಿಲ್ ಪ್ರೆಷರ್ರು. ಇಂಜಿನ್ ಆಫ್ ಆಗಿ ರಾತ್ರಿಯಿಡೀ ನಿಂತ್ರೆ ಮೇಲಿದ್ದ ಆಯಿಲೆಲ್ಲಾ ಕೆಳಗಿನ ಸಂಪಿಗೆ ಇಳಿದುಹೋಗುತ್ತೆ. ಹಾಗೆ ಪೂರ್ತಿ ಖಾಲಿ ಆಗದೇ ಇರ್ಲಿ ಅಂತಾನೇ ಆಯಿಲ್ ಫಿಲ್ಟರಿನ ಒಳಗೆ ಒಂದು ರಬ್ಬರಿನ ವಾಲ್ವ್ ಇರುತ್ತೆ, ಮುಂದಕ್ಕೆ ಬಿಡುತ್ತೆ, ಹಿಂದಕ್ಕೆ ಬಿಡಲ್ಲ. ಆ ರಬ್ಬರ್ ಗಟ್ಟಿ ಆಗಿದ್ರೆ ಅಥವಾ ಫಿಲ್ಟರ್ರೇ ಕಳಪೆ ಇದ್ರೆ ಬೆಳಗ್ಗೆ ಹೊತ್ತಿಗೆ ಫಿಲ್ಟರ್ ಖಾಲಿ, ಪಂಪು ಮೊದ್ಲು ಅದನ್ನ ತುಂಬಿ ಆಮೇಲೆ ಟೆನ್ಷನರಿಗೆ ಆಯಿಲ್ ಕಳಿಸ್ಬೇಕು, ಅಷ್ಟು ಹೊತ್ತು ಚೈನು ಸಡಿಲವಾಗಿ ಪಕ್ಕದ ಗೈಡಿಗೆ ಬಡ್ಕೊಳ್ತಾ ಇರುತ್ತೆ. ಗಡಗಡ ಅಂದ್ರೆ ಅದು. ಆಯಿಲ್ ದೀಪ ಆರೋದೂ ಸದ್ದು ನಿಲ್ಲೋದೂ ಜೊತೆಜೊತೆಗೆ ಆಗಿದ್ದು ಅದಕ್ಕೇ.

ಚೈನು ಸವೆದು ಉದ್ದ ಆಗಿದ್ರೂ ಸದ್ದು ಬರುತ್ತೆ. ಚೈನ್ ಎಳೆದುಕೊಂಡು ಉದ್ದ ಆಗುತ್ತೆ ಅಂತ ನಾನು ತಿಳ್ಕೊಂಡಿದ್ದೆ, ನಿಜಕ್ಕೂ ಉಕ್ಕು ಎಳೆಯಲ್ಲ, ಕೊಂಡಿ ಕೊಂಡಿಯ ಪಿನ್ನು ಸವೆದು ಸವೆದು ಒಟ್ಟು ಉದ್ದ ಜಾಸ್ತಿ ಆಗೋದು. ಹಾಗಾದ್ರೆ ನಮ್ಮದು ಯಾವ್ದು, ಫಿಲ್ಟರ್ರಾ ಚೈನಾ? ಇದಕ್ಕೆ ಒಂದು ಸರಳವಾದ ದಾರಿ, ಇಂಜಿನ್ನನ್ನ ಎಷ್ಟು ಹೊತ್ತು ನಿಲ್ಸಿದ್ರೆ ಸದ್ದು ಬರುತ್ತೆ ಅಂತ ನೋಡೋದು. ಆಫ್ ಮಾಡಿ ತಕ್ಷಣ ಹೊಡೆದ್ರೆ ಸದ್ದಿಲ್ಲ. ಅರ್ಧ ಗಂಟೆ ಬಿಟ್ಟು ಇಲ್ಲ. ಎರಡು ಗಂಟೆ ಬಿಟ್ಟು ಚೂರೇ ಚೂರು. ರಾತ್ರಿ ಕಳೆದ್ರೆ ಪೂರ್ತಿ ಮೂರು ಸೆಕೆಂಡು. ಓಡುವಾಗ ಯಾವ ವೇಗದಲ್ಲೂ ಇಲ್ಲ. ಎಷ್ಟು ನಿಂತ್ರೆ ಅಷ್ಟು ಜಾಸ್ತಿ ಅಂದ್ರೆ ಆಯಿಲ್ ಇಳಿದುಹೋಗ್ತಿರೋ ಲಕ್ಷಣ. ಇದ್ರಿಂದ ಚೈನು ನೂರಕ್ಕೆ ನೂರು ಚೆನ್ನಾಗಿದೆ ಅಂತ ಹೇಳೋಕಾಗಲ್ಲ, ಆದ್ರೆ ಇಂಜಿನ್ ಇಳಿಸೋ ಮುಂಚೆ ಫಿಲ್ಟರ್ ನೋಡ್ಬೇಕು ಅನ್ನೋದಂತೂ ಖಂಡಿತ.

ಕಾರಲ್ಲಿದ್ದ ಹಳೇ ಬಿಲ್ ತೆಗೆದು ನೋಡಿದೆ. ಹಿಂದಿನ ಸಲ ಆಯಿಲ್ ಚೇಂಜ್ ಮಾಡಿದಾಗ ಹಾಕಿದ್ದು ಹೆಸರೇ ಇಲ್ಲದ ಅಗ್ಗದ ಫಿಲ್ಟರ್ರು, ಆಯಿಲ್ಲು 20ಡಬ್ಲ್ಯೂ-50. ಕಾರಿನ ಮ್ಯಾನ್ಯುಯಲ್ಲಲ್ಲಿ ಬರೆದಿರೋದು 5ಡಬ್ಲ್ಯೂ-30. ಇಂಜಿನ್ ಹಳೇದಾಯ್ತು, ಸೌಂಡ್ ಜಾಸ್ತಿ, ದಪ್ಪ ಆಯಿಲ್ ಹಾಕಿದ್ರೆ ಕಮ್ಮಿ ಆಗುತ್ತೆ ಅನ್ನೋ ನಂಬಿಕೆ ನಮ್ಮ ಕಡೆ ಬಹಳ ಇದೆ, ಬಿಸಿ ಇಂಜಿನ್ನಲ್ಲಿ ಸದ್ದು ಸ್ವಲ್ಪ ಮುಚ್ಚುತ್ತೇನೋ, ಆದ್ರೆ ತಣ್ಣಗಿದ್ದಾಗ ದಪ್ಪ ಆಯಿಲು ಮೇಲೆ ಹತ್ತೋದೇ ನಿಧಾನ. ಡಬ್ಲ್ಯೂಗಿಂತ ಮೊದಲು ಬರೋ ಅಂಕಿ ಹೇಳೋದೇ ಚಳಿಯಲ್ಲಿ ಅದು ಎಷ್ಟು ಸಲೀಸಾಗಿ ಹರಿಯುತ್ತೆ ಅಂತ, ಡಬ್ಲ್ಯೂ ಅಂದ್ರೆ ವಿಂಟರ್. ಯಾವ ಮೊದಲ ಸೆಕೆಂಡಿಗೆ ಆಯಿಲ್ ಬೇಕೋ ಅದೇ ಸೆಕೆಂಡನ್ನ ನಾವು ದಪ್ಪ ಆಯಿಲ್ ಹಾಕಿ ಒಣಗಿಸ್ತಿದ್ವಿ.

ಭಾನುವಾರ ಸಂಜೆ ಜಗಲಿಲಿ ಕೂತಿದ್ವಿ. ಮಳೆ ಬಿಟ್ಟಿತ್ತು, ತೋಟದ ಕಡೆಯಿಂದ ಜೀರುಂಡೆ ಕೂಗು ಹೇಗಿತ್ತು ಅಂದ್ರೆ ಮಾತಾಡೋಕೆ ದನಿ ಏರಿಸ್ಬೇಕು. ಅಪ್ಪಯ್ಯ ಎಲೆಗೆ ಸುಣ್ಣ ಹಚ್ತಾ ಅಂದ್ರು, "ಕಾಡು ಮೊದ್ಲಿನ ಹಾಗಿಲ್ಲ ಬಿಡು. ಜೀರುಂಡೆ ಕೂಗೋದೇ ನಿಂತೋಯ್ತು."

ಈ ಮಾತನ್ನ ಅವ್ರು ನಾಲ್ಕೈದು ವರ್ಷದಿಂದ ಹೇಳ್ತಾ ಬಂದಿದಾರೆ. ನಾವೂ ಹೌದು ಹೌದು ಅಂತ ತಲೆ ಆಡಿಸ್ತಿದ್ವಿ, ರಸ್ತೆ ಅಗಲ ಆಯ್ತು, ಮರ ಕಡಿದ್ರು, ಔಷಧಿ ಹೊಡೀತಾರೆ, ಇರ್ಬಹುದು ಅಂತ. ಯಾರೂ ಅದೇ ಹೊತ್ತಲ್ಲಿ ಕಿವಿ ಕೊಟ್ಟು ಕೇಳಿರ್ಲಿಲ್ಲ. ಅವತ್ತು ಬೆಳಗ್ಗೆ ಆ ಕೀಂಚ್ ಮುಂದೆ ನಿಂತು "ಜೋರಾಯ್ತಾ" ಅಂದಿದ್ದು ನೆನಪಾಯ್ತು, ಕುಕ್ಕರ್ ಐದು ಸಲ ಕೂಗಿದ್ರೂ ಅವ್ರು ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿರೋದು, ಫೋನ್ ಎತ್ತಲ್ಲ ಅಂತ ನಾನು ರೇಗಿದ್ದು, ನನ್ನ ಅಣ್ಣನ ಮಗಳು "ಅಜ್ಜ ನನ್ ಜೊತೆ ಮಾತೇ ಆಡಲ್ಲ" ಅಂದಿದ್ದು, ಎಲ್ಲಾ ಒಂದರ ಹಿಂದೆ ಒಂದು ಬಂತು. ಅಮ್ಮನ ಕಡೆ ನೋಡಿದೆ. ಅವ್ಳಿಗೂ ಆ ಕ್ಷಣವೇ ಗೊತ್ತಾಯ್ತು ಅನ್ಸುತ್ತೆ, ತಟ್ಟೆ ಕೆಳಗಿಟ್ಟಳು.

"ಅಪ್ಪಯ್ಯ, ಜೀರುಂಡೆ ಕೂಗ್ತಿದೆ. ತುಂಬಾ ಜೋರಾಗಿ ಕೂಗ್ತಿದೆ" ಅಂದೆ.

ಅವ್ರು ಎಲೆ ಕೈಲಿ ಹಿಡ್ಕೊಂಡು ತೋಟದ ಕಡೆ ತುಂಬಾ ಹೊತ್ತು ನೋಡಿದ್ರು. ಆಮೇಲೆ "ಹೌದಾ" ಅಂದ್ರು.

ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಕಿವಿ ಡಾಕ್ಟರ ಹತ್ರ ತೋರಿಸಿದ್ವಿ. ಆಡಿಯೋಗ್ರಾಮ್ ಅಂತ ಒಂದು ಗ್ರಾಫ್ ಕೊಟ್ರು, ಎಡಗಡೆ ದಪ್ಪ ದನಿಗಳು, ಬಲಗಡೆಗೆ ಹೋದ ಹಾಗೆ ಕೀರಲು ದನಿಗಳು. ಗೆರೆ ಸ್ವಲ್ಪ ದೂರ ನೆಟ್ಟಗೆ ಬಂದು 3000 ಹರ್ಟ್ಸ್ ದಾಟಿದ ಮೇಲೆ ಆಗುಂಬೆ ಘಾಟಿ ಹಾಗೆ ಇಳಿದುಬಿಟ್ಟಿತ್ತು. ವರ್ಷಗಟ್ಟಲೆ ಗದ್ದಲದಲ್ಲಿ ದುಡಿದೋರಿಗೆ ಮೊದ್ಲು ಪೆಟ್ಟು ಬೀಳೋದು 4000 ಹರ್ಟ್ಸ್ ಸುತ್ತಮುತ್ತಲೇ ಅಂತ ಡಾಕ್ಟರ್ ಹೇಳಿದ್ರು, ಒಳಗಿವಿಯ ಆ ಸೂಕ್ಷ್ಮ ಕೂದಲಿನಂಥ ಕೋಶಗಳು ಒಂದು ಸಲ ಹೋದ್ರೆ ಮತ್ತೆ ಹುಟ್ಟಲ್ಲ. ಎಡಗಿವಿಯ ಗೆರೆ ಬಲಗಿವಿದಕ್ಕಿಂತ ಕೆಳಗಿತ್ತು. ಇಂಜಿನ್ ಇದ್ದಿದ್ದು ಎಡಗಡೆ. ಆ ಬಾನೆಟ್ ಮೇಲೆ ಕೂತು ನಾನು ಸ್ಕೂಲಿಗೆ ಹೋಗ್ತಿದ್ದೆ, ಬೆಚ್ಚಗಿರ್ತಿತ್ತು ಅಂತ ಜಾಗಕ್ಕೆ ಜಗಳ ಆಡ್ತಿದ್ದೆ. ಡ್ರೈವರುಗಳ ಕಿವಿನ ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿಸ್ಬೇಕು ಅಂತ ಆ 31 ವರ್ಷದಲ್ಲಿ ಯಾರಿಗೂ ಹೊಳೀಲಿಲ್ಲ, ಬಸ್ಸಿಗೆ ಮಾತ್ರ ವರ್ಷ ವರ್ಷ ಎಫ್‌ಸಿ, ಅಂದ್ರೆ ಫಿಟ್‌ನೆಸ್ ಪರೀಕ್ಷೆ, ಆಗ್ತಿತ್ತು. ಇದನ್ನ ಬರೀತಾ ನನಗೆ ಸಿಟ್ಟೂ ಬರುತ್ತೆ, ಹೊಟ್ಟೆಯೂ ಉರಿಯುತ್ತೆ.

ಕಾರಿನ ಕೆಲಸ ಆ ಸೋಮವಾರವೇ ಮುಗೀತು. ಊರಲ್ಲಿ ಅಪ್ಪಯ್ಯನಿಗೆ ಹಳೇ ಪರಿಚಯದ ಮೇಸ್ತ್ರಿ ಇದಾರೆ, ಬೆಳಗ್ಗೆ ಏಳಕ್ಕೆ ಅವ್ರೇ ಮನೆಗೆ ಬಂದು ಮೊದಲ ಸ್ಟಾರ್ಟ್ ತಾವೇ ಕೇಳಿದ್ರು. ಸ್ಕ್ಯಾನರ್ ಹಾಕಿ ನೋಡಿದ್ರು, ಚೈನ್ ಸವೆದು ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ತಪ್ಪಿದಾಗ ಬರೋ ಪಿ0016 ಅನ್ನೋ ಕೋಡು ಇರ್ಲಿಲ್ಲ. ಬೆಲ್ಟ್ ಟೈಟ್ ಮಾಡಿ, ಟರ್ಮಿನಲ್ ಬಿಸಿನೀರಲ್ಲಿ ತೊಳೆದು ಉಜ್ಜಿ ವ್ಯಾಸಲೀನ್ ಹಚ್ಚಿ, ಹಳೇ ಆಯಿಲ್ ಇಳಿಸಿ, ಕಂಪನಿ ಹೇಳಿದ ನಂಬರಿನ ಫಿಲ್ಟರ್ರೂ 5ಡಬ್ಲ್ಯೂ-30 ಆಯಿಲ್ಲೂ ಹಾಕಿದ್ರು. ಬಿಚ್ಚಿದ ಫಿಲ್ಟರನ್ನ ಕೈಗೆ ಕೊಟ್ಟು ತೂತಿನೊಳಗೆ ಬೆರಳಿಟ್ಟು ನೋಡಿ ಅಂದ್ರು, ಒಳಗಿನ ರಬ್ಬರು ಒಣಗಿದ ಹಲಸಿನ ಹಪ್ಪಳದ ಹಾಗೆ ಗಟ್ಟಿಯಾಗಿ ಸೆಟೆದಿತ್ತು. ಬ್ಯಾಟರಿ ಬೆಂಗಳೂರಿಗೆ ಹೋದ ಮೇಲೆ ಹೊಸದು ಹಾಕಿಸ್ದೆ. ಎಲ್ಲಾ ಸೇರಿ 40 ಸಾವಿರದ ಕಾಲು ಭಾಗಕ್ಕೂ ಕಮ್ಮಿ, ಅದ್ರಲ್ಲಿ ಹೆಚ್ಚಿನದ್ದು ಬ್ಯಾಟರಿದೇ. ಇಂಜಿನ್ ಇಳೀಲಿಲ್ಲ. "ಚೈನು ಈಗ ಹೋಗಲ್ಲ, ಆದ್ರೆ ಲಕ್ಷ ದಾಟಿದ ಮೇಲೆ ಒಂದ್ಸಲ ಕವರ್ ಬಿಚ್ಚಿ ನೋಡಾಣ" ಅಂದ್ರು ಮೇಸ್ತ್ರಿ.

ಸೆಪ್ಟೆಂಬರಲ್ಲಿ ಅಪ್ಪಯ್ಯನ್ನ ಮೈಸೂರಿಗೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡೋಗೋದು ಅಂತ ಆಯ್ತು, ಕಿವಿಗೆ ಮಷಿನ್ ಹಾಕಿಸೋ ವಿಚಾರಕ್ಕೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ವಿ. ಇನ್ನೂ ಕತ್ತಲೆ. ಅಪ್ಪಯ್ಯ ಬಿಳಿ ಪಂಚೆ ಉಟ್ಟು, ಕಾರಿಗೆ ಹತ್ತೋ ಬದಲು ಬಾನೆಟ್ ಮೇಲೆ ಅಂಗೈ ಇಟ್ಟು ನಿಂತ್ಕೊಂಡು "ಹೊಡಿ" ಅಂದ್ರು.

ಹೊಡೆದೆ. ಇಂಜಿನ್ ಹತ್ಕೊಂತು.

"ನಿಂದು ಬಂತಾ?"

"ಇಲ್ಲ. ನಿಮ್ದು?"

"ಅರ್ಧ ಸೆಕೆಂಡು. ಅಷ್ಟೇ."

ನನಗೆ ಆ ಅರ್ಧ ಸೆಕೆಂಡು ಕೇಳಿರ್ಲಿಲ್ಲ. ಅವ್ರು ಬಂದು ಪಕ್ಕದಲ್ಲಿ ಕೂತ್ರು, ಬಾಗಿಲು ಹಾಕಿದ್ರು, ಅಮ್ಮ ಹಿಂದೆ ಬುತ್ತಿ ಚೀಲ ಇಟ್ಕೊಂಡು ಕೂತಾಗಿತ್ತು. ಗೇರ್ ಹಾಕೋಕೆ ಹೊರಟೆ, ಅಪ್ಪಯ್ಯ ನನ್ನ ಕೈ ಮೇಲೆ ಕೈ ಇಟ್ಟು ತಡೆದ್ರು.

"ಈಗ ಕೂಗ್ತಿದ್ಯಾ ಅದು? ಜೀರುಂಡೆ?"

ಇಂಜಿನ್ ಆಫ್ ಮಾಡಿ ಗಾಜು ಇಳಿಸ್ದೆ. ಅಂಗಳ, ಅದರಾಚೆ ತೋಟ, ಎಲ್ಲಾ ಕಡೆಯಿಂದ ಬರ್ತಿತ್ತು.

"ಕೂಗ್ತಿದೆ."

"ಹೆಂಗೆ? ಒಂದೋ, ತುಂಬಾ ಇದಾವೋ?"

"ತುಂಬಾ ಇದಾವೆ ಅಪ್ಪಯ್ಯ. ಹೊಳೆ ಕಡೆದು ಎಳೆದು ಎಳೆದು ಕೂಗುತ್ತೆ. ಕೊಟ್ಟಿಗೆ ಹಿಂದಿನ ಹಲಸಿನ ಮರದಲ್ಲಿ ಒಂದಿದೆ, ಅದು ತುಂಡು ತುಂಡಾಗಿ, ಕಿರ್ ಕಿರ್ ಕಿರ್ ಅಂದು ನಿಲ್ಲುತ್ತೆ, ಮತ್ತೆ ಶುರು ಮಾಡುತ್ತೆ."

"ಹಲಸಿನ ಮರದ್ದು ಮೊದ್ಲಿಂದ್ಲೂ ಹಂಗೇ" ಅಂದ್ರು ಅಪ್ಪಯ್ಯ. ಸ್ವಲ್ಪ ಹೊತ್ತು ಹಾಗೇ ಕೂತಿದ್ವಿ. ಆಮೇಲೆ ಅವ್ರೇ "ಸರಿ, ಹೊಡಿ" ಅಂದ್ರು.